ಆಸ್ಪತ್ರೆಯಲ್ಲಿ ಹೆರಿಗೆ: ನೋವು ಕಾಣಿಸಿದ ಗಳಿಗೆಯಿಂದ ಮನೆಗೆ ಮರಳುವವರೆಗೆ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮ ಹಿರಿಯರಲ್ಲಿ ರೂಢಿಯಲ್ಲಿತ್ತು. ಆ ಮಾತಿನಲ್ಲಿ ಸಂಭ್ರಮದಷ್ಟೇ ಭಯವೂ ಇತ್ತು. ತವರಿಗೆ ಹೋದ ಮಗಳು ಕೂಸನ್ನೆತ್ತಿಕೊಂಡು ಮರಳುವಳೆಂಬ ಭರವಸೆ ಆ ಕಾಲದಲ್ಲಿ ಯಾರಿಗೂ ಇರುತ್ತಿರಲಿಲ್ಲ. ಇಂದು ಪರಿಸ್ಥಿತಿ ಬಹುಮಟ್ಟಿಗೆ ಬದಲಾಗಿದೆ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕಾಲಕ್ಕೆ ಕರ್ನಾಟಕದಲ್ಲಿ ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದ ಹೆರಿಗೆಗಳ ಪ್ರಮಾಣ ಸುಮಾರು ಶೇ. 65 ಆಗಿತ್ತು. 2019-21ರ ಸಮೀಕ್ಷೆಯಲ್ಲಿ ಅದು ಶೇ. 97ಕ್ಕೆ ಏರಿತು. ಇದೇ ಅವಧಿಯಲ್ಲಿ ತಾಯಂದಿರ ಮರಣ ಪ್ರಮಾಣವೂ ಇಳಿಯಿತು. ರಾಜ್ಯದಲ್ಲಿ 2001-03ರಲ್ಲಿ ಲಕ್ಷ ಜೀವಂತ ಜನನಗಳಿಗೆ 228ರಷ್ಟಿದ್ದ ಪ್ರಮಾಣ 2018-20ರಲ್ಲಿ 69ಕ್ಕೆ ಬಂದಿತು.

ಪಾವಗಡ ಸೀಮೆಯಲ್ಲಿ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಹೆಸರಾದ ಸೂಲಗಿತ್ತಿ ನರಸಮ್ಮನವರು 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ನಿಧನರಾದರು. ಅವರೊಂದಿಗೆ ಒಂದು ಯುಗವೇ ಮುಗಿದಂತಾಯಿತು. ಆದರೆ ಸೂಲಗಿತ್ತಿಯರಲ್ಲಿದ್ದ ಒಂದು ಗುಣವನ್ನು ಆಸ್ಪತ್ರೆಗಳು ಬಿಟ್ಟುಕೊಡುವಂತಿಲ್ಲ. ಅದು ಹೆರುವವಳ ಪಕ್ಕದಿಂದ ಕದಲದೆ ಕುಳಿತು ಗಮನಿಸುವ ಗುಣ. ಆಸ್ಪತ್ರೆಗೆ ಸೇರಿದ ಮಾತ್ರಕ್ಕೆ ಅಪಾಯ ಕಳೆಯುವುದಿಲ್ಲ. ನೋವು ಶುರುವಾದಂದಿನಿಂದ ಹೆರಿಗೆಯ ನಂತರದ ಕೆಲವು ಗಂಟೆಗಳವರೆಗೆ ಎಡೆಬಿಡದ ಗಮನವಿದ್ದರೆ ಮಾತ್ರ ತಾಯಿ ಮತ್ತು ಮಗು ಇಬ್ಬರೂ ಸುರಕ್ಷಿತರು. ಏನನ್ನು, ಯಾವಾಗ, ಏಕೆ ಗಮನಿಸಬೇಕೆಂಬುದನ್ನು ಗರ್ಭಿಣಿಯೂ ಆಕೆಯ ಮನೆಯವರೂ ಮೊದಲೇ ತಿಳಿದಿರುವುದು ಒಳಿತು.

ನಿಜವಾದ ನೋವು ಯಾವುದು?

ಗರ್ಭ ಧರಿಸಿ 37 ವಾರ ತುಂಬಿದ ಮೇಲೆ ಯಾವಾಗ ಬೇಕಾದರೂ ಹೆರಿಗೆಯಾಗಬಹುದು. ಕೊನೆಯ ವಾರಗಳಲ್ಲಿ ಹೊಟ್ಟೆ ಆಗಾಗ ಬಿಗಿಯಾಗಿ ಸಡಿಲಗೊಳ್ಳುವುದು ಸಹಜ. ಈ ಸುಳ್ಳುನೋವು ಕ್ರಮವಿಲ್ಲದೆ ಬರುತ್ತದೆ. ಎದ್ದು ನಡೆದಾಡಿದರೆ ಅಥವಾ ಮಲಗಿದರೆ ಕಡಿಮೆಯಾಗುತ್ತದೆ. ನಿಜವಾದ ಬೇನೆ ಹಾಗಲ್ಲ. ಹೆಚ್ಚಾಗಿ ಸೊಂಟದಲ್ಲಿ ಹುಟ್ಟಿ ಕಿಬ್ಬೊಟ್ಟೆಗೆ ಹರಡುತ್ತದೆ. ಒಂದು ನೋವಿಗೂ ಇನ್ನೊಂದಕ್ಕೂ ನಡುವಿನ ಅಂತರ ಕುಗ್ಗುತ್ತ, ನೋವಿನ ಅವಧಿ ಮತ್ತು ತೀವ್ರತೆ ಹೆಚ್ಚುತ್ತ ಹೋಗುತ್ತವೆ. ಜೊತೆಗೆ ರಕ್ತದ ಎಳೆ ಬೆರೆತ ಲೋಳೆ ಕಾಣಿಸಿಕೊಳ್ಳಬಹುದು.

ಚೊಚ್ಚಲ ಹೆರಿಗೆಯಲ್ಲಿ ಸುಮಾರು 5 ನಿಮಿಷಕ್ಕೊಮ್ಮೆ ನೋವು ಬಂದು, ಪ್ರತಿ ಬಾರಿಯೂ ಮುಕ್ಕಾಲು ನಿಮಿಷದಿಂದ ಒಂದು ನಿಮಿಷ ಇದ್ದು, ಇದೇ ಕ್ರಮ ಒಂದು ಗಂಟೆ ಮುಂದುವರಿದರೆ ಆಸ್ಪತ್ರೆಗೆ ಹೊರಡಬೇಕು. ಎರಡನೆಯ ಹೆರಿಗೆ ಸಾಮಾನ್ಯವಾಗಿ ಬೇಗ ಆಗುವುದರಿಂದ ಇಷ್ಟು ಕಾಯಬಾರದು. ಆಸ್ಪತ್ರೆ ದೂರವಿದ್ದವರೂ ಮುಂಚಿತವಾಗಿಯೇ ಹೊರಡುವುದು ಲೇಸು.

ಈ ಕೆಳಗಿನ ಲಕ್ಷಣಗಳಲ್ಲಿ ಯಾವುದೊಂದು ಕಂಡರೂ ನೋವಿಗಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು:

* ನೀರು ಒಡೆದು ಹೋಗುವುದು. ಅದರಲ್ಲೂ ನೀರು ಹಸಿರು ಅಥವಾ ಕಂದು ಬಣ್ಣದ್ದಾಗಿದ್ದರೆ ಮಗು ಒಳಗೇ ಮಲ ವಿಸರ್ಜಿಸಿರುವ ಸಂಭವವಿದೆ
* ರಕ್ತಸ್ರಾವ
* ಮಗುವಿನ ಚಲನೆ ಕಡಿಮೆಯಾಗುವುದು ಅಥವಾ ನಿಲ್ಲುವುದು
* ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈಗಳ ಊತ, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಫಿಟ್ಸ್
* ಜ್ವರ
* 37 ವಾರಕ್ಕೆ ಮುನ್ನವೇ ಬೇನೆ. ಹಿಂದೆ ಸಿಸೇರಿಯನ್ ಆಗಿದ್ದವರಲ್ಲಿ ಯಾವುದೇ ಬೇನೆ

ತಲೆನೋವನ್ನು ಆಯಾಸವೆಂದು ಕಡೆಗಣಿಸುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಗರ್ಭಿಣಿಯರಲ್ಲಿ ಅದು ಏರಿದ ರಕ್ತದೊತ್ತಡದ ಸೂಚನೆಯಾಗಿರಬಹುದು. ಅದು ಫಿಟ್ಸಿಗೆ ತಿರುಗಿದರೆ ತಾಯಿ-ಮಗು ಇಬ್ಬರ ಪ್ರಾಣಕ್ಕೂ ಕುತ್ತು. ಇದನ್ನು ತಡೆಯಬಲ್ಲ ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು ಅಗ್ಗದ ಔಷಧಿ. ಆದರೆ ಅದನ್ನು ಕೊಡಲು ರೋಗಿ ಆಸ್ಪತ್ರೆಯಲ್ಲಿರಬೇಕು.

ಹೊರಡುವ ಮುನ್ನ

ತಾಯಿ ಕಾರ್ಡ್, ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯ ವರದಿಗಳು, ಆಧಾರ್, ಬ್ಯಾಂಕ್ ಪಾಸ್‌ಬುಕ್, ಬಿಪಿಎಲ್ ಕಾರ್ಡ್ ಇದ್ದರೆ ಅದು, ಇವೆಲ್ಲವೂ ಒಂದೇ ಚೀಲದಲ್ಲಿ 36ನೇ ವಾರದ ಹೊತ್ತಿಗೆ ಸಿದ್ಧವಿರಲಿ. ತೊಳೆದ ಹತ್ತಿ ಬಟ್ಟೆಗಳು, ಪ್ಯಾಡ್‌ಗಳು, ಮುಂದೆ ಬಿಚ್ಚುವಂತಹ ಉಡುಪು, ಮಗುವಿಗೆ ಟೋಪಿ ಹಾಗೂ ಹೊದಿಕೆ ಬೇಕಾಗುತ್ತವೆ. ವಾಹನಕ್ಕಾಗಿ 108ಕ್ಕೆ ಕರೆ ಮಾಡಬಹುದು. ರಾಜ್ಯದಲ್ಲಿ 2008ರಲ್ಲಿ ಆರಂಭವಾದ ಈ ಸೇವೆ ಉಚಿತ. ರಕ್ತದ ಗುಂಪನ್ನು ತಿಳಿದಿಟ್ಟುಕೊಂಡು, ಅಗತ್ಯ ಬಿದ್ದರೆ ರಕ್ತ ಕೊಡಬಲ್ಲ ಇಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ನಗರದ ನರ್ಸಿಂಗ್ ಹೋಮ್‌ಗಳನ್ನು ಆರಿಸಿಕೊಳ್ಳುವವರು ಕೊಠಡಿಯ ಬಾಡಿಗೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ. ರಾತ್ರಿ ಹೊತ್ತು ವೈದ್ಯರು ಅಲ್ಲಿಯೇ ಇರುತ್ತಾರೆಯೇ? ಅರಿವಳಿಕೆ ತಜ್ಞರು ಎಷ್ಟು ಹೊತ್ತಿನಲ್ಲಿ ಬರುತ್ತಾರೆ? ರಕ್ತ ಎಲ್ಲಿಂದ ಬರುತ್ತದೆ? ಮಗುವಿಗೆ ಉಸಿರಾಟದ ತೊಂದರೆಯಾದರೆ ಎಲ್ಲಿಗೆ ಕಳುಹಿಸುತ್ತಾರೆ? ಇವುಗಳಿಗೆ ನೇರ ಉತ್ತರ ಸಿಗದ ಕಡೆ ಹೆರಿಗೆಗೆ ಸೇರುವುದು ಜಾಣತನವಲ್ಲ.

ದಾಖಲಾದ ಮೇಲೆ

ಆಸ್ಪತ್ರೆಯಲ್ಲಿ ಮೊದಲಿಗೆ ನಾಡಿ, ರಕ್ತದೊತ್ತಡ, ಜ್ವರ ಪರೀಕ್ಷಿಸುತ್ತಾರೆ. ಹೊಟ್ಟೆಯನ್ನು ಮುಟ್ಟಿ ಮಗುವಿನ ತಲೆ ಕೆಳಗಿದೆಯೇ ಎಂದು ನೋಡುತ್ತಾರೆ. ಮಗುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160ರ ನಡುವೆ ಇರಬೇಕು. ನಂತರ ಒಳಪರೀಕ್ಷೆಯ ಮೂಲಕ ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಎಂಬುದನ್ನು ಬೆರಳುಗಳಿಂದ ಅಳೆಯಲಾಗುತ್ತದೆ. ಎನಿಮಾ ಕೊಡುವುದು, ಕೂದಲು ತೆಗೆಯುವುದು ಹಿಂದೆ ಕಡ್ಡಾಯವೆಂಬಂತಿದ್ದವು. ಇವುಗಳಿಂದ ಪ್ರಯೋಜನವಿಲ್ಲವೆಂದು ಕಂಡುಬಂದಿರುವುದರಿಂದ ವಿಶ್ವ ಆರೋಗ್ಯ ಸಂಸ್ಥೆ ಅವನ್ನು ವಾಡಿಕೆಯಾಗಿ ಮಾಡಬಾರದೆಂದು ಹೇಳುತ್ತದೆ.

ಮೊದಲ ಹಂತ: ಬಾಯಿ ತೆರೆಯುವ ಕಾಲ

ಹೆರಿಗೆಯನ್ನು ಮೂರು ಹಂತಗಳಾಗಿ ವಿಂಗಡಿಸಲಾಗುತ್ತದೆ. ಮೊದಲನೆಯದು ಎಲ್ಲಕ್ಕಿಂತ ದೀರ್ಘ. ಗರ್ಭಕೋಶದ ಬಾಯಿ 5 ಸೆಂ.ಮೀ. ತೆರೆಯುವವರೆಗಿನ ಭಾಗ ನಿಧಾನಗತಿಯದು. ಅದಕ್ಕೆ ಇಷ್ಟೇ ಗಂಟೆಯೆಂಬ ಲೆಕ್ಕವಿಲ್ಲ. 5ರಿಂದ 10 ಸೆಂ.ಮೀ.ವರೆಗಿನ ಭಾಗ ಚುರುಕಿನದು. ಚೊಚ್ಚಲ ಹೆರಿಗೆಯಲ್ಲಿ ಇದು ಸಾಮಾನ್ಯವಾಗಿ 12 ಗಂಟೆಯನ್ನೂ, ನಂತರದ ಹೆರಿಗೆಗಳಲ್ಲಿ 10 ಗಂಟೆಯನ್ನೂ ಮೀರುವುದಿಲ್ಲ.

ಬಾಯಿ ಗಂಟೆಗೆ 1 ಸೆಂ.ಮೀ.ನಂತೆ ತೆರೆಯಲೇಬೇಕು ಎಂಬ ನಿಯಮ ಬಹುಕಾಲ ಚಾಲ್ತಿಯಲ್ಲಿತ್ತು. ಅಮೆರಿಕದ ವೈದ್ಯ ಇಮ್ಯಾನ್ಯುಯಲ್ ಫ್ರೀಡ್‌ಮನ್ 1950ರ ದಶಕದಲ್ಲಿ ಹೆರಿಗೆಯ ವೇಗವನ್ನು ರೇಖಾಚಿತ್ರವಾಗಿ ದಾಖಲಿಸಿದ್ದು ಇದರ ಮೂಲ. ಆ ವೇಗ ಅನೇಕ ಆರೋಗ್ಯವಂತ ಸ್ತ್ರೀಯರಿಗೆ ಅನ್ವಯಿಸುವುದಿಲ್ಲವೆಂದು 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟಪಡಿಸಿತು. ತಾಯಿಯೂ ಮಗುವೂ ಚೆನ್ನಾಗಿರುವಾಗ ಬಾಯಿ ನಿಧಾನವಾಗಿ ತೆರೆಯುತ್ತಿದೆ ಎಂಬುದೊಂದೇ ಸಿಸೇರಿಯನ್‌ಗಾಗಲಿ, ನೋವು ಹೆಚ್ಚಿಸುವ ಔಷಧಿಗಾಗಲಿ ಕಾರಣವಾಗಬಾರದು.

ಈ ಹಂತದಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ ಮಗುವಿನ ಎದೆಬಡಿತವನ್ನು ಆಲಿಸಬೇಕು. ಸುಮಾರು 4 ಗಂಟೆಗೊಮ್ಮೆ ಒಳಪರೀಕ್ಷೆ ಸಾಕು. ಇವೆಲ್ಲವನ್ನೂ ದಾಖಲಿಸುವ ಒಂದು ಹಾಳೆಯಿದೆ. ಪಾರ್ಟೋಗ್ರಾಫ್ ಎಂದು ಅದರ ಹೆಸರು. ಮುಂದಿನ ಪಾಳಿಯ ಸಿಬ್ಬಂದಿಗೆ, ದೊಡ್ಡಾಸ್ಪತ್ರೆಗೆ ಕಳುಹಿಸಬೇಕಾದಾಗ ಅಲ್ಲಿನ ವೈದ್ಯರಿಗೆ, ಅದುವರೆಗೆ ನಡೆದುದನ್ನು ಒಂದೇ ನೋಟದಲ್ಲಿ ತಿಳಿಸುವುದು ಆ ಹಾಳೆಯೇ. ಹೆರಿಗೆಯೆಲ್ಲ ಮುಗಿದ ಮೇಲೆ ನೆನಪಿನಿಂದ ಅದನ್ನು ತುಂಬಿಸಿದರೆ ಯಾರಿಗೂ ಉಪಯೋಗವಿಲ್ಲ.

ಅಪಾಯದ ಲಕ್ಷಣಗಳಿಲ್ಲದ ಗರ್ಭಿಣಿ ನೀರು, ಎಳನೀರು, ಗಂಜಿಯಂತಹ ಹಗುರ ಆಹಾರ ಸೇವಿಸಬಹುದು, ನಡೆದಾಡಬಹುದು, ತನಗೆ ಹಿತವೆನಿಸಿದಂತೆ ಕೂರಬಹುದು, ಮಗ್ಗುಲಾಗಬಹುದು. ಮಂಚಕ್ಕೆ ಅಂಗಾತ ಒರಗಿಯೇ ಇರಬೇಕೆಂಬ ನಿಯಮವಿಲ್ಲ. ಸೊಂಟ ನೀವುವುದು, ಬಿಸಿನೀರಿನ ಶಾಖ, ದೀರ್ಘ ಉಸಿರಾಟ ಇವು ನೋವನ್ನು ಸಹಿಸಲು ನೆರವಾಗುತ್ತವೆ. ಬೆನ್ನಿನ ಮೂಲಕ ಔಷಧಿ ನೀಡುವ ಎಪಿಡ್ಯೂರಲ್ ವಿಧಾನ ನೋವನ್ನು ಬಹುಮಟ್ಟಿಗೆ ಕಳೆಯುತ್ತದೆ. ಅದಕ್ಕೆ ಅರಿವಳಿಕೆ ತಜ್ಞರು ಬೇಕಾಗಿರುವುದರಿಂದ ನಗರಗಳ ದೊಡ್ಡ ಆಸ್ಪತ್ರೆಗಳಲ್ಲಿಯೇ ಹೆಚ್ಚಾಗಿ ಲಭ್ಯ.

ನೋವು ಹೆಚ್ಚಿಸಲು ಡ್ರಿಪ್‌ನಲ್ಲಿ ಆಕ್ಸಿಟೋಸಿನ್ ಕೊಡುವ ಪದ್ಧತಿಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಸೂಕ್ತ ಕಾರಣವಿದ್ದು, ಹನಿಗಳನ್ನು ಎಣಿಸಿ, ಮಗುವಿನ ಎದೆಬಡಿತವನ್ನು ಗಮನಿಸುತ್ತ ಕೊಟ್ಟರೆ ಇದು ಒಳ್ಳೆಯ ಔಷಧಿ. ಬೇಗ ಮುಗಿಯಲೆಂಬ ಆತುರಕ್ಕೆ ಕೊಟ್ಟರೆ ಮಗುವಿಗೆ ಆಮ್ಲಜನಕದ ಕೊರತೆಯಾಗಬಹುದು, ಗರ್ಭಕೋಶವೇ ಹರಿಯಬಹುದು. 'ನೋವಿನ ಇಂಜೆಕ್ಷನ್ ಹಾಕಿ' ಎಂದು ಮನೆಯವರೇ ಒತ್ತಾಯಿಸುವುದೂ ಉಂಟು. ಅದು ಸಲ್ಲದು.

ಎರಡನೆಯ ಹಂತ: ಕೂಸು ಹೊರಬರುವ ಗಳಿಗೆ

ಬಾಯಿ ಪೂರ್ಣ 10 ಸೆಂ.ಮೀ. ತೆರೆದ ಮೇಲೆ ಎರಡನೆಯ ಹಂತ. ಮುಕ್ಕಬೇಕೆನ್ನುವ ಬಲವಾದ ಒತ್ತಡ ತಾನಾಗಿಯೇ ಬರುತ್ತದೆ. ಚೊಚ್ಚಲಿನಲ್ಲಿ 3 ಗಂಟೆಯವರೆಗೆ, ನಂತರದವುಗಳಲ್ಲಿ 2 ಗಂಟೆಯವರೆಗೆ ಇದು ನಡೆಯಬಹುದು. ಈಗ ಮಗುವಿನ ಎದೆಬಡಿತವನ್ನು 5 ನಿಮಿಷಕ್ಕೊಮ್ಮೆ ನೋಡಬೇಕು. ಮಗು ಬಳಲಿದರೆ ಅಥವಾ ತಾಯಿ ಸೋತರೆ ವ್ಯಾಕ್ಯೂಮ್ ಇಲ್ಲವೇ ಇಕ್ಕಳದ ಸಹಾಯದಿಂದ ಹೆರಿಗೆ ಮಾಡಿಸಲಾಗುತ್ತದೆ.

ಎರಡು ವಾಡಿಕೆಗಳು ಇಲ್ಲಿ ಪ್ರಶ್ನಾರ್ಹ. ಮೊದಲನೆಯದು ಹೊಟ್ಟೆಯನ್ನು ಮೇಲಿನಿಂದ ಬಲವಾಗಿ ಅದುಮುವುದು. ಇದರಿಂದ ತಾಯಿಗೂ ಮಗುವಿಗೂ ಗಾಯವಾಗಬಹುದಾದ್ದರಿಂದ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಒಪ್ಪುವುದಿಲ್ಲ. ಎರಡನೆಯದು ಪ್ರತಿಯೊಬ್ಬರಿಗೂ ಹೆರಿಗೆ ಜಾಗದಲ್ಲಿ ಕೊಯ್ದು ಹೊಲಿಗೆ ಹಾಕುವುದು. ಅಗತ್ಯವಿದ್ದವರಿಗೆ ಮಾತ್ರ, ಮರಗಟ್ಟಿಸುವ ಮದ್ದು ಕೊಟ್ಟೇ ಇದನ್ನು ಮಾಡಬೇಕು.

ಹುಟ್ಟಿದ ಕೂಡಲೇ ಮಗುವನ್ನು ಒರೆಸಿ ತಾಯಿಯ ಎದೆಯ ಮೇಲೆ, ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಬೇಕು. ಮಗು ಚೆನ್ನಾಗಿ ಉಸಿರಾಡುತ್ತಿದ್ದರೆ ಹೊಕ್ಕುಳಬಳ್ಳಿಯನ್ನು 1ರಿಂದ 3 ನಿಮಿಷ ಬಿಟ್ಟು ಕತ್ತರಿಸುವುದರಿಂದ ಹೆಚ್ಚಿನ ರಕ್ತ ಮಗುವಿಗೆ ಸೇರಿ, ಮುಂದೆ ಕಬ್ಬಿಣಾಂಶದ ಕೊರತೆ ಕಡಿಮೆಯಾಗುತ್ತದೆ. ಮೊದಲ ಒಂದು ಗಂಟೆಯೊಳಗೆ ಎದೆಹಾಲು ಕುಡಿಸಬೇಕು. ಆರಂಭದ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು, ಜೇನುತುಪ್ಪ ಅಥವಾ ಸಕ್ಕರೆ ನೀರು ನೆಕ್ಕಿಸುವುದು ಮಗುವಿಗೆ ಹಾನಿಕರ. ವಿಟಮಿನ್ ಕೆ ಚುಚ್ಚುಮದ್ದು, ಬಿಸಿಜಿ, ಪೋಲಿಯೋ ಹನಿ ಮತ್ತು 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಆಸ್ಪತ್ರೆಯಲ್ಲಿಯೇ ದೊರೆಯುತ್ತವೆ.

ಮೂರನೆಯ ಹಂತ: ಎಲ್ಲರೂ ಮರೆಯುವ ಹೊತ್ತು

ಕೂಸಿನ ಅಳು ಕೇಳಿಸಿದೊಡನೆ ಹೊರಗಿದ್ದವರು ಸಿಹಿ ತರಲು, ಫೋನ್ ಮಾಡಲು ಓಡುತ್ತಾರೆ. ಆದರೆ ತಾಯಿಯ ಪಾಲಿಗೆ ಅತಿ ಅಪಾಯದ ಸಮಯ ಆರಂಭವಾಗುವುದು ಆಗಲೇ. ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿಕೊಂಡ ಮೇಲೆ ಗರ್ಭಕೋಶ ಕಲ್ಲಿನಂತೆ ಗಟ್ಟಿಯಾಗಿ, ಆ ರಕ್ತನಾಳಗಳನ್ನು ಹಿಸುಕಿ ಮುಚ್ಚಬೇಕು. ಅದು ಮೆತ್ತಗೇ ಉಳಿದರೆ ರಕ್ತ ಹರಿಯುತ್ತಲೇ ಇರುತ್ತದೆ. ಚಿಕಿತ್ಸೆ ಸಿಗದಿದ್ದಲ್ಲಿ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು.

ಇದನ್ನು ತಡೆಯಲು ಮಗು ಹುಟ್ಟಿದ ಕೂಡಲೇ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುಮದ್ದು ನೀಡಲಾಗುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮಾಸು ಬೀಳುತ್ತದೆ. ಅದು ಪೂರ್ತಿಯಾಗಿ ಬಂದಿದೆಯೇ ಎಂದು ಪರೀಕ್ಷಿಸಬೇಕು. ಒಂದು ಚೂರು ಒಳಗುಳಿದರೂ ರಕ್ತಸ್ರಾವ ನಿಲ್ಲದು.

ಈ ವಿಷಯದಲ್ಲಿ ಜಗತ್ತಿಗೆ ಒಂದು ಮುಖ್ಯ ಪಾಠ ದೊರೆತದ್ದು ನಮ್ಮ ಬೆಳಗಾವಿಯಿಂದ. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆಗೂಡಿ ಬೆಳಗಾವಿ ಜಿಲ್ಲೆಯ ಹಳ್ಳಿಗಳ 1,620 ಹೆಂಗಸರಲ್ಲಿ ನಡೆಸಿದ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಿರಿಯ ಆರೋಗ್ಯ ಸಹಾಯಕಿಯರು ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದಾಗ ಅತಿ ರಕ್ತಸ್ರಾವದ ಪ್ರಮಾಣ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. ಈ ಅಧ್ಯಯನದಲ್ಲಿ ರಕ್ತವನ್ನು ಅಳೆಯಲು ಬಳಸಿದ್ದು ತಾಯಿಯ ಕೆಳಗೆ ಹಾಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಅದರ ತುದಿಯಲ್ಲಿ ಅಳತೆಯ ಗೆರೆಗಳುಳ್ಳ ಚೀಲವಿರುತ್ತದೆ. ಕಣ್ಣಂದಾಜಿನ ಲೆಕ್ಕ ಈ ಚೀಲದ ಅಳತೆಗಿಂತ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಿರುತ್ತದೆ ಎಂಬುದನ್ನೂ ಅಲ್ಲಿಯೇ ಕಂಡುಕೊಳ್ಳಲಾಯಿತು. ಅಂದರೆ ಅನುಭವಿಗಳ ಕಣ್ಣೂ ಮೋಸ ಹೋಗುತ್ತದೆ.

2023ರಲ್ಲಿ ಆಫ್ರಿಕಾದ 4 ದೇಶಗಳ ಆಸ್ಪತ್ರೆಗಳಲ್ಲಿ ನಡೆದ ಬೃಹತ್ ಅಧ್ಯಯನವೊಂದರ ಫಲಿತಾಂಶ ಪ್ರಕಟವಾಯಿತು. ಇಂತಹುದೇ ಅಳತೆಯ ಹಾಳೆಯನ್ನು ಬಳಸಿ, ರಕ್ತಸ್ರಾವ ಹೆಚ್ಚೆಂದು ಕಂಡೊಡನೆ ಗರ್ಭಕೋಶ ನೀವುವುದು, ಔಷಧಿಗಳು, ಡ್ರಿಪ್, ಪರೀಕ್ಷೆ ಎಲ್ಲವನ್ನೂ ಒಟ್ಟಿಗೇ ಆರಂಭಿಸಿದಾಗ ತೀವ್ರ ರಕ್ತಸ್ರಾವ ಮತ್ತು ಅದರ ದುಷ್ಪರಿಣಾಮಗಳು ಶೇ. 60ರಷ್ಟು ತಗ್ಗಿದವು. ಹಿಂದೆ 500 ಮಿ.ಲೀ. ಮೀರಿದ ಮೇಲೆ ಚಿಕಿತ್ಸೆ ಆರಂಭಿಸುವ ರೂಢಿಯಿತ್ತು. 2025ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ, 300 ಮಿ.ಲೀ. ಹೋಗಿದ್ದು ನಾಡಿ ಅಥವಾ ರಕ್ತದೊತ್ತಡದಲ್ಲಿ ಏರುಪೇರು ಕಂಡರೂ ಕಾಯುವಂತಿಲ್ಲ.

ಆದ್ದರಿಂದ ಹೆರಿಗೆಯಾದ ಮೊದಲ 2 ಗಂಟೆ ತಾಯಿಯನ್ನು ಒಂಟಿಯಾಗಿ ಬಿಡಬಾರದು. ಸಿಬ್ಬಂದಿ 15 ನಿಮಿಷಕ್ಕೊಮ್ಮೆ ನಾಡಿ, ರಕ್ತದೊತ್ತಡ, ಗರ್ಭಕೋಶದ ಗಡಸುತನ, ರಕ್ತಸ್ರಾವಗಳನ್ನು ನೋಡಬೇಕು. ಜೊತೆಗಿರುವವರೂ ಗಮನಿಸಬಹುದು. ಪ್ಯಾಡ್ ಕೆಲವೇ ನಿಮಿಷಗಳಲ್ಲಿ ತೊಯ್ದರೆ, ದೊಡ್ಡ ಗಡ್ಡೆಗಳು ಬಿದ್ದರೆ, ಬಾಣಂತಿ ಬಿಳಿಚಿಕೊಂಡು ತಣ್ಣನೆಯ ಬೆವರು ಸುರಿಸಿದರೆ, 'ಕಣ್ಣು ಕತ್ತಲೆ ಬರುತ್ತಿದೆ' ಎಂದರೆ ಸಂಕೋಚಪಡದೆ ಸಿಬ್ಬಂದಿಯನ್ನು ಕರೆಯಬೇಕು. 'ಹೆರಿಗೆಯಾದ ಮೇಲೆ ಹೀಗೆಲ್ಲ ಇದ್ದದ್ದೇ' ಎಂಬ ಸಮಾಧಾನದ ಮಾತು ಇಲ್ಲಿ ಪ್ರಾಣಕ್ಕೆರವಾಗಬಲ್ಲದು.

ಸಿಸೇರಿಯನ್: ಯಾವಾಗ ಅಗತ್ಯ?

ಮಾಸು ಗರ್ಭದ ಬಾಯಿಗೆ ಅಡ್ಡವಾಗಿರುವುದು, ಮಗು ಅಡ್ಡಲಾಗಿರುವುದು, ಮಗುವಿನ ಎದೆಬಡಿತ ಕುಸಿಯುವುದು, ಹೊಕ್ಕುಳಬಳ್ಳಿ ಮೊದಲೇ ಜಾರಿ ಬರುವುದು, ಹೆರಿಗೆ ಮುಂದುವರಿಯದೆ ನಿಲ್ಲುವುದು - ಇಂತಹ ಸಂದರ್ಭಗಳಲ್ಲಿ ಸಿಸೇರಿಯನ್ ಜೀವ ಉಳಿಸುತ್ತದೆ. ಸಾಮಾನ್ಯವಾಗಿ ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುವುದರಿಂದ ತಾಯಿಗೆ ಎಚ್ಚರವಿರುತ್ತದೆ. ಮಗುವಿನ ಮೊದಲ ಅಳುವನ್ನು ಆಕೆ ಕೇಳಬಲ್ಲಳು.

ಆದರೆ ರಾಜ್ಯದಲ್ಲಿ 2019-21ರ ಸಮೀಕ್ಷೆಯ ವೇಳೆಗೆ ಸಿಸೇರಿಯನ್ ಪ್ರಮಾಣ ಶೇ. 31ನ್ನು ದಾಟಿತ್ತು, ಖಾಸಗಿ ಆಸ್ಪತ್ರೆಗಳಲ್ಲಂತೂ ಅರ್ಧಕ್ಕಿಂತ ಹೆಚ್ಚು. ಈ ಪ್ರಮಾಣ ಶೇ. 10ನ್ನು ಮೀರಿದ ಮೇಲೆ ಒಟ್ಟು ಜನಸಂಖ್ಯೆಯಲ್ಲಿ ಸಾವುಗಳು ಮತ್ತಷ್ಟು ಇಳಿದುದಕ್ಕೆ ಪುರಾವೆಯಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿಯೇ ಹೇಳಿದೆ. ನೋವಿನ ಭಯ, ಮುಹೂರ್ತದ ಆಸೆ, ವೈದ್ಯರ ಅನುಕೂಲ ಇವು ಶಸ್ತ್ರಚಿಕಿತ್ಸೆಗೆ ತಕ್ಕ ಕಾರಣಗಳಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಮೃತಪಟ್ಟು, ಡ್ರಿಪ್‌ಗೆ ಬಳಸಿದ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಮೂಡಿದ್ದನ್ನು ರಾಜ್ಯ ಮರೆತಿಲ್ಲ. ಶಸ್ತ್ರಚಿಕಿತ್ಸೆ ಎಷ್ಟೇ ಸಾಮಾನ್ಯವಾದರೂ ಅದು ಶಸ್ತ್ರಚಿಕಿತ್ಸೆಯೇ. ನಂತರದ ನಿಗಾ ಇನ್ನೂ ಹೆಚ್ಚಿರಬೇಕು. ಒಮ್ಮೆ ಸಿಸೇರಿಯನ್ ಆದವರಿಗೆ ಮುಂದೆ ಸಹಜ ಹೆರಿಗೆ ಅಸಾಧ್ಯವೇನಲ್ಲ. ಆದರೆ ಅದನ್ನು ತುರ್ತು ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಯಲ್ಲಿಯೇ ಪ್ರಯತ್ನಿಸಬೇಕು.

ಹೆರುವವಳ ಹಕ್ಕುಗಳು

ಹೆರಿಗೆ ಕೊಠಡಿಯಲ್ಲಿ ಬೈಗುಳ, ಏಟು, ಕುಹಕದ ಮಾತು ಕೇಳಿದ ನೆನಪು ಅನೇಕ ತಾಯಂದಿರಿಗಿದೆ. ಇಂತಹ ವರ್ತನೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹಕ್ಕಿನ ಉಲ್ಲಂಘನೆಯೆಂದು ಕರೆಯಿತು. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ 'ಲಕ್ಷ್ಯ' ಕಾರ್ಯಕ್ರಮ ಹೆರಿಗೆ ಕೊಠಡಿಗಳ ಗುಣಮಟ್ಟದ ಜೊತೆಗೆ ಗೌರವಯುತ ನಡವಳಿಕೆಯನ್ನೂ ಕಡ್ಡಾಯಗೊಳಿಸುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ತಾಯಿ, ಅತ್ತೆ, ಅಕ್ಕ ಹೀಗೆ ಆಪ್ತ ಮಹಿಳೆಯೊಬ್ಬರು ಜೊತೆಗಿರಲು 2016ರಲ್ಲಿ ಅನುಮತಿ ನೀಡಲಾಯಿತು. ಪಕ್ಕದಲ್ಲಿ ಆಪ್ತರಿದ್ದಾಗ ಬೇನೆಯ ಅವಧಿ ಕಡಿಮೆಯಾಗಿ, ಸಹಜ ಹೆರಿಗೆಯ ಸಂಭವ ಹೆಚ್ಚುತ್ತದೆಂಬುದು ಸಂಶೋಧನೆಗಳಿಂದ ದೃಢಪಟ್ಟಿದೆ.

2011ರಲ್ಲಿ ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ, ಮನೆಗೆ ಮರಳುವ ವಾಹನ ಎಲ್ಲವೂ ಉಚಿತ. ಮಗುವನ್ನು ತೋರಿಸಲು ಹಣ ಕೇಳುವುದು ಲಂಚವೇ ಹೊರತು 'ಖುಷಿ'ಯಲ್ಲ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಅರ್ಹರಿಗೆ ಮೊದಲ ಮಗುವಿಗೆ 5,000 ರೂ., ಎರಡನೆಯದು ಹೆಣ್ಣಾದರೆ 6,000 ರೂ. ದೊರೆಯುತ್ತದೆ.

ಮನೆಗೆ ಮರಳಿದ ಮೇಲೆ

ಸಹಜ ಹೆರಿಗೆಯಾದವರೂ 48 ಗಂಟೆ ಆಸ್ಪತ್ರೆಯಲ್ಲಿರುವುದು ಉತ್ತಮ. ಹೊರಡುವ ಮುನ್ನ ಜನನ ನೋಂದಣಿಯ ವಿವರ ಸರಿಯಾಗಿದೆಯೇ ಎಂದು ನೋಡಿಕೊಳ್ಳಬೇಕು. 2023ರ ಅಕ್ಟೋಬರ್ 1ರ ನಂತರ ಜನಿಸಿದ ಮಕ್ಕಳಿಗೆ ಶಾಲಾ ಪ್ರವೇಶ ಮೊದಲಾದ ಕೆಲಸಗಳಲ್ಲಿ ಹುಟ್ಟಿದ ದಿನಾಂಕಕ್ಕೆ ಈ ಪ್ರಮಾಣಪತ್ರವೇ ಆಧಾರ.

ಬಾಣಂತನದ 6 ವಾರಗಳಲ್ಲಿ ಜ್ವರ, ದುರ್ವಾಸನೆಯ ಸ್ರಾವ, ಮತ್ತೆ ಹೆಚ್ಚಿದ ರಕ್ತಸ್ರಾವ, ತೀವ್ರ ತಲೆನೋವು, ಒಂದು ಕಾಲಿನಲ್ಲಿ ಮಾತ್ರ ಊತ ಮತ್ತು ನೋವು, ಉಸಿರುಕಟ್ಟುವಿಕೆ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬಾಣಂತಿಗೆ ನೀರು ಕಡಿಮೆ ಕೊಡುವುದು, ಸೊಪ್ಪು-ತರಕಾರಿ ನಿಲ್ಲಿಸುವುದು ಕೆಲವು ಮನೆಗಳಲ್ಲಿ ಇಂದಿಗೂ ಇದೆ. ಹಾಲುಣಿಸುವ ತಾಯಿಗೆ ಇವೆರಡೂ ಹೆಚ್ಚಾಗಿಯೇ ಬೇಕು. ಕಾರಣವಿಲ್ಲದ ಅಳು, ನಿದ್ದೆಯಿಲ್ಲದಿರುವುದು, ಮಗುವಿನಲ್ಲಿ ಆಸಕ್ತಿ ಇಲ್ಲದಿರುವುದು 2 ವಾರ ಮೀರಿದರೆ ಅದು ಖಿನ್ನತೆಯಾಗಿರಬಹುದು. ವೈದ್ಯರ ನೆರವಿನಿಂದ ಗುಣವಾಗುತ್ತದೆ.

ಹೆರಿಗೆ ರೋಗವಲ್ಲ, ಬಹುಪಾಲು ಹೆರಿಗೆಗಳು ಯಾವ ತೊಡಕೂ ಇಲ್ಲದೆ ಮುಗಿಯುತ್ತವೆ. ಯಾವುದರಲ್ಲಿ ತೊಡಕು ಬರುವುದೆಂದು ಮೊದಲೇ ಹೇಳಲಾಗದು ಎಂಬುದಕ್ಕಾಗಿಯೇ ಆಸ್ಪತ್ರೆ ಬೇಕು. ಮಗುವನ್ನು ನೋಡಲು ಹತ್ತು ಮಂದಿ ನೆರೆದಾಗ, ಒಬ್ಬರಾದರೂ ಮಂಚದಲ್ಲಿರುವ ತಾಯಿಯ ಮುಖವನ್ನು ನೋಡುತ್ತಿರಲಿ.